ಪರದೇಶದ ಮಕ್ಕಳಿಗೆ ಅರೇಹಳ್ಳಿಯ ದತ್ತಿ: ಒಂದು ಅಪ್ರಕಟಿತ ಶಾಸನದ ಪರಿಶೀಲನೆ

ಶಾಸನಗಳ ಮಟ್ಟಿಗೆ ಬೇಲೂರು ತಾಲ್ಲೂಕು ಬಡವಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಇಲ್ಲೇ. 1902ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವನ್ನು ಇಡಿಯಾಗಿ ಹಾಸನ ಜಿಲ್ಲೆಗೇ ಮೀಸಲಿಟ್ಟರು. ಆದರೂ ಅರೇಹಳ್ಳಿ ಹೋಬಳಿಯ ಒಂದು ಮುಖ್ಯ ಶಾಸನ ವಿದ್ವಾಂಸರ ಕಣ್ಣು ತಪ್ಪಿಸಿಕೊಂಡಿದೆ. ಅದು ಕಲ್ಲಿನ ಮೇಲಿಲ್ಲ, ಮೊಬೈಲಿನಲ್ಲಿದೆ. ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು (ಶಾಸ್ತ್ರಮರ್ಯಾದೆಗಾಗಿ ಇನ್ನು ಮುಂದೆ 'ದಾನಿ') ಕಾಂಬೋಡಿಯದ ಅನಾಥಾಲಯವೊಂದರಲ್ಲಿ ಎರಡು ವಾರ ಮಕ್ಕಳ ಸೇವೆ ಮಾಡಲು ತುಂಬಿದ ಅರ್ಜಿಯೇ ಆ ಶಾಸನ.

ಅದರ ಬಹುಭಾಗ ಪ್ರಶಸ್ತಿಗೇ ಸಂದಿದೆ. ಇದರಲ್ಲಿ ತಪ್ಪೇನಿಲ್ಲ. ವಿಷ್ಣುವರ್ಧನನ ಶಾಸನಗಳಲ್ಲೂ ತಳಕಾಡುಗೊಂಡ, ಮಲೆಪರೊಳ್ಗಂಡ ಎಂದು ಬಿರುದುಗಳ ಮೆರವಣಿಗೆ ಸಾಗಿಹೋದ ಮೇಲಷ್ಟೇ ಯಾರಿಗೆ ಎಷ್ಟು ಗದ್ದೆ ಸಿಕ್ಕಿತು ಎಂಬುದು ತಿಳಿಯುವುದು. ದಾನಿಯ ಇಂಗ್ಲಿಷನ್ನು ಹೊಯ್ಸಳರ ಧಾಟಿಗೆ ತಂದರೆ ಹೀಗಾಗುತ್ತದೆ: 'ಸ್ವಸ್ತಿ. ಸಮಸ್ತ ಸರ್ಟಿಫಿಕೇಟಾಲಂಕೃತೆಯುಂ, ಸ್ಪೋಕನ್ ಇಂಗ್ಲಿಷುಗೊಂಡಳುಂ, ತಾಲ್ಲೂಕು ಮಟ್ಟದ ಭಾಷಣದೊಳ್ ಸಮಾಧಾನಕರ ಬಹುಮಾನಮಂ ಪಡೆದಳುಂ, ಎನ್‌ಎಸ್‌ಎಸ್ ಶಿಬಿರದೊಳ್ ಬ್ಯಾನರಿನ ಎಡತುದಿಯಂ ಪಿಡಿದಳುಂ ಅಪ್ಪ...' ಕೊನೆಯ ಬಿರುದಿಗೆ ಟಿಪ್ಪಣಿ ಬೇಕು. 1969ರಲ್ಲಿ ಶುರುವಾದ ಎನ್‌ಎಸ್‌ಎಸ್ ಎರಡು ವರ್ಷದಲ್ಲಿ 240 ಗಂಟೆ ಸೇವೆಯನ್ನೂ ಏಳು ದಿನದ ಶಿಬಿರವನ್ನೂ ಕೇಳುತ್ತದೆ; ಅದರ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಆ ಶಿಬಿರದಲ್ಲಿ ದಾನಿ ಮೂಗಿಗೆ ದುಪಟ್ಟ ಕಟ್ಟಿಕೊಂಡು ಒಂದು ಚರಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬಳಿದದ್ದಕ್ಕೆ ಇಡೀ ಬೀದಿಯೇ ಸಾಕ್ಷಿ. ಪ್ರಶಸ್ತಿಯಲ್ಲಿ ಬ್ಯಾನರ್ ಇದೆ, ಚರಂಡಿ ಇಲ್ಲ.

ದತ್ತಿಯ ವಿವರ ಎರಡೇ ಸಾಲು: ಇಂಗ್ಲಿಷ್ ಕಲಿಸುವುದು, ಚಿತ್ರ ಬರೆಸುವುದು, ಪ್ರೀತಿ ಹಂಚುವುದು. ಮೂರನೆಯದು ಎಷ್ಟು ಕೊಳಗ, ಎಷ್ಟು ಖಂಡುಗ ಎಂಬ ಲೆಕ್ಕವಿಲ್ಲ. ದತ್ತಿ ಪಡೆಯುವವರ ಹೆಸರೂ ಇಲ್ಲ. ಹಳೆಯ ಶಾಸನಗಳು ಸಾಮಾನ್ಯವಾಗಿ ಇಂಥವನ ಮಗ ಇಂಥವನಿಗೆ ಎಂದು ಹೇಳಿಯೇ ಭೂಮಿ ಬಿಟ್ಟುಕೊಡುತ್ತಿದ್ದವು; ಇಲ್ಲಿ 'ನಗುವ ಮಕ್ಕಳು' ಎಂದಷ್ಟೇ ಇದೆ. ಅಳುವ ಮಕ್ಕಳಿಗೆ ಈ ದತ್ತಿಯಲ್ಲಿ ಪಾಲುಂಟೇ ಎಂಬುದು ವಿವಾದಾಸ್ಪದ.

ಇನ್ನು ಎಲ್ಲೆಯ ಪ್ರಶ್ನೆ. ಕಾಂಬೋಡಿಯವೇ ಏಕೆ? ದಾನಿ ಮೊದಲು ನೇಪಾಳವನ್ನು ಪರಿಶೀಲಿಸಿದ್ದಳು. ಆದರೆ ಅಲ್ಲಿಗೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ. ವೋಟರ್ ಐಡಿ ತೋರಿಸಿ ಹೋಗಬಹುದಾದ ಊರನ್ನು ಫಾರಿನ್ ಎಂದರೆ ಗೆಳತಿಯರು ನಂಬುವುದು ಕಷ್ಟ. 'ಅಮೆರಿಕದ ಹುಡುಗ ಹುಡುಗಿಯರು ನಮ್ಮಲ್ಲಿಗೆ ಬರಲಿಲ್ಲವೇ, ನಾವು ಹೊರಟರೆ ಮಾತ್ರ ನಗೆಯೇ?' ಎಂಬುದು ಪೂರ್ವಪಕ್ಷ. ಬಂದದ್ದು ನಿಜ. 1961ರಿಂದ 1976ರವರೆಗೆ ಪೀಸ್ ಕೋರ್‌ನವರು ಭಾರತದಲ್ಲಿದ್ದರು. ಆದರೆ ಒಬ್ಬೊಬ್ಬರೂ ಬರುತ್ತಿದ್ದದ್ದು ಎರಡು ವರ್ಷಕ್ಕೆ, ಅದೂ ಊರಿನ ಭಾಷೆ ಕಲಿತು. ಎರಡು ವಾರದಲ್ಲಿ ದಾನಿಗೆ ಮಕ್ಕಳ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ವಾಪಸು ವಿಮಾನ.

ಶಾಸನಶಾಸ್ತ್ರದಲ್ಲಿ ಕೂಟಶಾಸನ ಎಂಬುದೊಂದಿದೆ: ಭೂಮಿಯ ಆಸೆಗೆ ಯಾವುದೋ ರಾಜನ ಹೆಸರಿನಲ್ಲಿ ಹುಟ್ಟಿಸಿದ ನಕಲಿ ತಾಮ್ರಪಟ. ಕಾಂಬೋಡಿಯದಲ್ಲಿ ಇದಕ್ಕಿಂತ ಮುಂದಿನ ಪ್ರಯೋಗ ನಡೆದಿದೆ. ಅಲ್ಲಿ ನಕಲಿಯಾದದ್ದು ದತ್ತಿ ಪಡೆಯುವವರು. ಪ್ರವಾಸಿಗರು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು, ಒಳಗಿದ್ದ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಮಕ್ಕಳೇನು ನೋಡುವ ತಾಣಗಳಲ್ಲ ಎಂದು ಅಲ್ಲಿ ಆಂದೋಲನವೇ ಹುಟ್ಟಿತು. 2018ರಲ್ಲಿ ಆಸ್ಟ್ರೇಲಿಯ ಆಧುನಿಕ ಗುಲಾಮಗಿರಿಯ ಕಾಯ್ದೆ ತರುವಾಗ ಈ ದಂಧೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ದಾನಿಗೆ ಬಂದ ಕರಪತ್ರದಲ್ಲಿ ಇದರ ಸುದ್ದಿಯಿಲ್ಲ. ಕರಪತ್ರವೂ ಪ್ರಶಸ್ತಿಯೇ ತಾನೆ.

ಈ ಸಂಶೋಧಕನಿಗೆ ಕ್ಷೇತ್ರಕಾರ್ಯದಲ್ಲಿ ಇನ್ನೊಂದು ಬರಹವೂ ಸಿಕ್ಕಿತು. ದಾನಿಯ ಮನೆಯ ಪಕ್ಕದ ತೋಟದಲ್ಲಿ, ರೊಬಸ್ಟಾ ಕುಯ್ಲಿನ ಕಾಲ, ಕಣದ ತುಂಬ ಹರಡಿದ ಹಣ್ಣಿನ ಮೇಲೆ. ಲೈನ್ ಮನೆಯ ಎಂಟು ವರ್ಷದ ಹುಡುಗನೊಬ್ಬ ಹೆಬ್ಬೆರಳಿನಿಂದ ಗೀರಿದ ನಾಲ್ಕು ಅಕ್ಷರ. ಮೊದಲ ನೋಟಕ್ಕೆ ಬಂಗಾಳಿ ಎನ್ನಬೇಕು. ಆದರೆ ಬಂಗಾಳಿಯ ರಕಾರಕ್ಕೆ ಕೆಳಗೆ ಚುಕ್ಕೆ, ಇದಕ್ಕೆ ಹೊಟ್ಟೆಯೊಳಗೆ ಗೀಟು. ಆದ್ದರಿಂದ ಅಸ್ಸಾಮಿ. ಕಾರ್ಮಿಕರು ರೈಲಿಳಿದು ಬಂದದ್ದೂ ಅಲ್ಲಿಂದಲೇ. 1951ರ ತೋಟ ಕಾರ್ಮಿಕರ ಕಾಯ್ದೆ, ತಿದ್ದುಪಡಿ ಸಮೇತ, ಐವತ್ತು ಹೆಣ್ಣಾಳೋ ಅವರ ಇಪ್ಪತ್ತು ಮಕ್ಕಳೋ ಇದ್ದಲ್ಲಿ ಶಿಶುವಿಹಾರ ಇರಬೇಕು ಎಂದಿತ್ತು. ಈ ತೋಟ ಚಿಕ್ಕದು, ಮಕ್ಕಳು ಆರೇ. ಆರು ಎಂಬ ಸಂಖ್ಯೆ ಕಾಯ್ದೆಯ ಕಣ್ಣಿಗೆ ಕಾಣದು. ಅರ್ಜಿ ತುಂಬುತ್ತ ಮೆಟ್ಟಿಲ ಮೇಲೆ ಕೂತಿದ್ದ ದಾನಿ ಎದ್ದುಹೋಗಿ, ಗೀಟಿನ ರಕಾರದ ಪಕ್ಕದಲ್ಲಿ ಕನ್ನಡದ 'ರ' ಬರೆದಳು. ಹುಡುಗ ಅದರ ಮೇಲೇ ತಿದ್ದಿದ, ತಲೆಕಟ್ಟನ್ನು ಎಡಗಡೆಗೆ ಬಾಗಿಸಿದ, ಬೈಸಿಕೊಂಡ, ಮತ್ತೆ ತಿದ್ದಿದ. ಅಷ್ಟರಲ್ಲಿ ತೋಟದ ರೈಟರು ಬಂದು, 'ಕಾಫಿ ತುಳೀಬ್ಯಾಡ್ರಮ್ಮ, ಓನರ್ ನೋಡಿದ್ರೆ ನನ್ಗೆ ಉಗೀತಾರೆ' ಎಂದು ಇಬ್ಬರನ್ನೂ ಎಬ್ಬಿಸಿದರು. ದಾನಿ ಮೆಟ್ಟಿಲಿಗೆ ಮರಳಿ ಮುಂದಿನ ಕಾಲಂ ತುಂಬಿದಳು. ಮಕ್ಕಳಿಗೆ ಕಲಿಸಿದ ಅನುಭವ: ಇಲ್ಲ.

ವ್ಯಾಖ್ಯಾನಕಾರರಲ್ಲಿ ತಾಯಿಯವರ ಪಂಥ ಉಗ್ರವಾದುದು. 'ಅಲ್ಲ ಕಣೇ, ನಿಮ್ಮಣ್ಣನ ಮಗೂನ ಒಂದ್ ಗಳಿಗೆ ಎತ್ಕೊಳೇ ಅಂದ್ರೆ ಅಸೈನ್‌ಮೆಂಟು ಅಂತೀಯ. ಅಲ್ಲೋಗಿ ಯಾರ ಮಕ್ಳ ಮೂಗು ಒರಿಸ್ತೀಯ?' ದಾನಿ ಇದಕ್ಕೆ ಲಿಖಿತ ಉತ್ತರ ಕೊಟ್ಟಿಲ್ಲ.

ತಂದೆಯವರದು ಶಾಪಾಶಯದಿಂದ ಓದು ಶುರುಮಾಡುವ ಪದ್ಧತಿ. ಬ್ಯಾಂಕಿನ ಕಾಫಿ ಸಾಲದ ಕಾಗದ ಓದಿ ರೂಢಿಯಾದವರು ಕೆಳಗಿನಿಂದಲೇ ಮೇಲಕ್ಕೆ ಹೋಗುತ್ತಾರೆ. ಹಳೆಯ ಶಾಸನಗಳಲ್ಲಿ ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಿದ್ದ. ಇಲ್ಲಿ ಆ ಜಾಗದಲ್ಲಿ, ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ ಎಂದಿದೆ. ಅವಧಿಯ ಮಿತಿಯೂ ಇಲ್ಲದ್ದರಿಂದ ಇದು ಹಳೆಯದಕ್ಕಿಂತ ಘೋರ. ತಂದೆಯವರು ಕನ್ನಡಕ ತೆಗೆದು, 'ಮೆಣಸು ಮಾರಿದ್ಮೇಲೆ ನೋಡಣ' ಎಂದರು.

ಈ ಕಾಲನಿರ್ದೇಶವನ್ನು ಶಕವರ್ಷಕ್ಕೆ ಹೊಂದಿಸುವುದು ಸುಲಭವಲ್ಲ. ಮೆಣಸು ಎರಡು ವರ್ಷದಿಂದ ಅಟ್ಟದ ಮೇಲೆ ಮೂಟೆಯಲ್ಲಿದೆ, ರೇಟು ಇನ್ನೂ ಏರಲಿದೆ ಎಂಬ ನಂಬಿಕೆಯಲ್ಲಿ. ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್, ಹಿತ್ತಿಲ ಗೋಡೆಯ ಸಾರಣೆ ಮತ್ತು ದಾನಿಗೆ ಪಿಯುಸಿ ಮುಗಿದಾಗ ಕೊಡಿಸಬೇಕಿದ್ದ ಸ್ಕೂಟಿ, ಇವೂ ಅದೇ ಮಿತಿಗೆ ನಿಗದಿಯಾಗಿರುವುದು ಕಂಡುಬರುತ್ತದೆ.