ಮಾರ್ಜಾಲ-ವಿದ್ಯುತ್ ಮೀಮಾಂಸೆ: ಹಿಂದಿನ ಸಾಲಿನ ಸದಸ್ಯನ ಕೊಡುಗೆಗಳು

1. ಪೀಠಿಕೆ

ಸಮಕಾಲೀನ ಪ್ರಜಾಪ್ರಭುತ್ವದ ಸಂಕಥನದಲ್ಲಿ ಹಿಂದಿನ ಸಾಲಿನ ಸದಸ್ಯನ, ಅಂದರೆ ಸಚಿವನಲ್ಲದ ಶಾಸಕನ ಅನನ್ಯತೆಯನ್ನು ಬಹುಮುಖಿ ನೆಲೆಗಳಲ್ಲಿ ವಾಗ್ವಾದಕ್ಕೆ ಒಡ್ಡಬೇಕಾದ ತುರ್ತು ಎಂದಿಗಿಂತಲೂ ಇಂದು ಹೆಚ್ಚಿದೆ. (ಪ್ರಬಂಧದ ಮೊದಲ ವಾಕ್ಯದಲ್ಲಿ ‘ತುರ್ತು’ ಇರಲೇಬೇಕೆಂಬುದು ನಮ್ಮ ವಿದ್ವತ್ ವಲಯದ ಅಲಿಖಿತ ನಿಯಮ. ಅದೇ ಪ್ರಬಂಧ ಮೌಲ್ಯಮಾಪನಕ್ಕೆಂದು ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಬೇಕೆಂಬುದು ಎರಡನೆಯ ನಿಯಮ.) ಸಾಕುಪ್ರಾಣಿಗಳ ಕ್ಷೇಮ ಮತ್ತು ಇಂಧನದ ಬಗೆಗಿನ ಸಾರ್ವಜನಿಕ ಮನೋಭಾವ ಎಂಬ ಎರಡು ಧ್ರುವಗಳ ನಡುವೆ ಈ ಸದಸ್ಯ ಕಟ್ಟಿಕೊಡುವ ಅಂತರ್ಶಿಸ್ತೀಯ ಪರಿಪ್ರೇಕ್ಷ್ಯವನ್ನು ಪ್ರಸ್ತುತ ಅಧ್ಯಯನವು ಶೋಧಿಸುತ್ತದೆ. ಪರಿಪ್ರೇಕ್ಷ್ಯ ಎಂದರೇನೆಂದು ಕೇಳುವವರು ದಯವಿಟ್ಟು ಸಭಾಂಗಣದ ಹೊರಗೆ ಕಾಫಿ ಕುಡಿಯುತ್ತಿರಬಹುದು.

2. ಕ್ಷೇತ್ರಕಾರ್ಯದ ನೆಲೆ ಮತ್ತು ಒಂದು ವಿಧಾನಶಾಸ್ತ್ರೀಯ ಬಿಕ್ಕಟ್ಟು

ಅಧ್ಯಯನಕ್ಕೆ ಸಿಂಗಪುರದ ಬ್ಯೂನಾ ವಿಸ್ಟಾವನ್ನು ಆಯ್ದುಕೊಳ್ಳಲಾಗಿದೆ. 1988ರಿಂದ ಇಲ್ಲಿ ರೈಲು ನಿಲ್ಲುತ್ತದೆ. 2011ರಲ್ಲಿ ಎರಡನೆಯ ಮಾರ್ಗವೂ ಬಂದು ಕೂಡಿಕೊಂಡಿತು. ನಿಲ್ದಾಣದ ಒಂದು ಬದಿಗೆ ಘಿಮ್ ಮೋ: ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿಯ ಹಳೆಯ ಕಟ್ಟಡಗಳು, ಮಾರುಕಟ್ಟೆ, ಅಜ್ಜ-ಅಜ್ಜಿಯರು, ಮೆಟ್ಟಿಲ ಕೆಳಗೆ ಬೆಕ್ಕುಗಳು. ಇನ್ನೊಂದು ಬದಿಗೆ ಒನ್-ನಾರ್ತ್: 2003ರಲ್ಲಿ ತೆರೆದ ಬಯೋಪೊಲಿಸ್, ಅದರಾಚೆ ಫ್ಯೂಷನೊಪೊಲಿಸ್, ಗಾಜಿನ ಗೋಡೆಗಳು, ಎಸಿ, ಎಸಿಗೆ ಹೆದರಿ ಸ್ವೆಟರ್ ಹಾಕಿಕೊಂಡ ವಿಜ್ಞಾನಿಗಳು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಮಾರ್ಜಾಲ ಧ್ರುವ ಒಂದು ಕಡೆ, ವಿದ್ಯುತ್ ಧ್ರುವ ಇನ್ನೊಂದು ಕಡೆ. ಇಷ್ಟು ಅನುಕೂಲದ ಕ್ಷೇತ್ರ ಯಾವ ಸಂಶೋಧಕನಿಗೆ ಸಿಕ್ಕೀತು?

ಬಿಕ್ಕಟ್ಟು ಇಷ್ಟೇ: ಬ್ಯೂನಾ ವಿಸ್ಟಾದಲ್ಲಿ ಹಿಂದಿನ ಸಾಲಿನ ಸದಸ್ಯನೇ ಇಲ್ಲ. ತಂಜೋಂಗ್ ಪಗಾರ್ ಗುಂಪು ಕ್ಷೇತ್ರದ ಬ್ಯೂನಾ ವಿಸ್ಟಾ ವಿಭಾಗವನ್ನು ಪ್ರತಿನಿಧಿಸುವ ಚಾನ್ ಚುನ್ ಸಿಂಗ್ ಸಚಿವರು. ಕೂರುವುದು ಮುಂದಿನ ಸಾಲಿನಲ್ಲಿ. ಆದ್ದರಿಂದ ಮಾದರಿಗಳನ್ನು ಬೇರೆ ಕ್ಷೇತ್ರಗಳಿಂದ ಕಡ ತರಲಾಗಿದೆ. ಸಕ್ಕರೆಯನ್ನೇ ತರುತ್ತೇವೆ, ಶಾಸಕನನ್ನು ತರಬಾರದೆ?

3. ಸೈದ್ಧಾಂತಿಕ ಚೌಕಟ್ಟು: ಮಾರ್ಜಾಲ ನ್ಯಾಯ ಮತ್ತು ಮರ್ಕಟ ನ್ಯಾಯ

ಪಾಶ್ಚಾತ್ಯ ರಾಜ್ಯಶಾಸ್ತ್ರ ಕೈಚೆಲ್ಲಿದ ಕಡೆ ಮೇಲುಕೋಟೆಯ ಜಗುಲಿ ನೆರವಿಗೆ ಬರುತ್ತದೆ. ಮೋಕ್ಷಕ್ಕೆ ಜೀವಾತ್ಮನ ಪ್ರಯತ್ನ ಬೇಕೇ ಎಂಬ ಪ್ರಶ್ನೆಗೆ ಶ್ರೀವೈಷ್ಣವರಲ್ಲಿ ಎರಡು ಉತ್ತರಗಳಿವೆ. ಕೋತಿಮರಿ ತಾನೇ ತಾಯಿಯನ್ನು ಅವುಚಿ ಹಿಡಿಯಬೇಕೆಂಬುದು ವಡಗಲೆಯವರ ಮರ್ಕಟ ನ್ಯಾಯ. ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕತ್ತು ಕಚ್ಚಿ ದಡ ಸೇರಿಸುತ್ತದೆಂಬುದು ತೆಂಗಲೆಯವರ ಮಾರ್ಜಾಲ ನ್ಯಾಯ.

ಸಿಂಗಪುರ 1988ರಲ್ಲಿ ತೆಂಗಲೆ ಸಿದ್ಧಾಂತವನ್ನು ಸಂವಿಧಾನಕ್ಕೆ ಸೇರಿಸಿಕೊಂಡಿತು. ಗುಂಪು ಪ್ರಾತಿನಿಧ್ಯ ಕ್ಷೇತ್ರ ಎಂಬ ವ್ಯವಸ್ಥೆಯಲ್ಲಿ ಈಗ ನಾಲ್ಕೋ ಐದೋ ಜನ ಒಂದು ತಂಡವಾಗಿ ನಿಲ್ಲುತ್ತಾರೆ, ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ. ಅಲ್ಪಸಂಖ್ಯಾತರಿಗೆ ಸದನದಲ್ಲಿ ಸ್ಥಾನ ಖಾತರಿಯಾಗಲಿ ಎಂಬುದು ಘೋಷಿತ ಉದ್ದೇಶ. ಸಚಿವರು ತಂಡದ ತಾಯಿಬೆಕ್ಕು. ಹೊಸಬ ಕಣ್ಣು ಬಿಡುವಷ್ಟರಲ್ಲಿ ಸಂಸತ್ತಿನಲ್ಲಿರುತ್ತಾನೆ. ಏಕಸದಸ್ಯ ಕ್ಷೇತ್ರದವನು ಮಾತ್ರ ಕೋತಿಮರಿಯಂತೆ ತಾನೇ ಅವುಚಿಕೊಳ್ಳಬೇಕು.

ಇತಿಹಾಸದ ವ್ಯಂಗ್ಯವೆಂದರೆ, ಬೆಕ್ಕಿನ ನ್ಯಾಯ ಸಂಸತ್ತನ್ನು ಹೊಕ್ಕ ಮರುವರ್ಷ, 1989ರಲ್ಲಿ, ಬೆಕ್ಕನ್ನು ಎಚ್‌ಡಿಬಿ ಮನೆಗಳಿಂದ ಹೊರಗೆ ಹಾಕಿದರು.

4. ಉಕ್ತಿಗಳ ವರ್ಗೀಕರಣ

ಹಿಂದಿನ ಸಾಲಿನ ಸದಸ್ಯನ ಉಕ್ತಿಗಳನ್ನು ಹದಿನಾರು ವರ್ಗಗಳಾಗಿ ವಿಂಗಡಿಸಬಹುದು.

ವರ್ಗ ಒಂದು, ಪ್ರಶಂಸಾಪೂರ್ವಕ ಪ್ರಶ್ನೆ: ‘ಸಚಿವಾಲಯದ ದೂರದೃಷ್ಟಿಯನ್ನು ಸ್ವಾಗತಿಸುತ್ತಲೇ, ಇನ್ನೂ ಸ್ವಲ್ಪ ದೂರ ನೋಡಬಹುದೇ?’

ವರ್ಗ ಎರಡು, ನಿವಾಸಿನಾಮಕ ಪ್ರಶ್ನೆ: ‘ನನ್ನ ಕ್ಷೇತ್ರದ ಹಿರಿಯರೊಬ್ಬರು ಹೇಳುತ್ತಿದ್ದರು...’ ಆ ಹಿರಿಯರು ಯಾರೆಂದು ಯಾವ ಸಚಿವರೂ ಈವರೆಗೆ ಕೇಳಿಲ್ಲ. ಕೇಳದಿರುವುದು ಸಂಸದೀಯ ಸೌಜನ್ಯ.

ವರ್ಗ ಮೂರು, ಸಾಂಕೇತಿಕ ಕಡಿತ. ಇದು ಈ ಪ್ರಬಂಧದ ರತ್ನ. ಬಜೆಟ್ ಅಧಿವೇಶನದಲ್ಲಿ ಸದಸ್ಯ ಎದ್ದು ನಿಂತು, ಇಂಥ ಸಚಿವಾಲಯದ ಅನುದಾನದಲ್ಲಿ 100 ಡಾಲರ್ ಕಡಿಮೆ ಮಾಡಬೇಕೆಂದು ಸೂಚಿಸುತ್ತಾನೆ. ಸಚಿವಾಲಯದ ಅನುದಾನ ನೂರಾರು ಕೋಟಿ. ಆ ನೂರು ಡಾಲರಿನ ನೆಪದಲ್ಲಿ ಕೆಲವು ನಿಮಿಷ ಬೆಕ್ಕಿನ ಬಗ್ಗೆಯೋ ಬಿಸಿಲಿನ ಬಗ್ಗೆಯೋ ಮಾತನಾಡುತ್ತಾನೆ. ಸಚಿವರು ಉತ್ತರ ಕೊಡುತ್ತಾರೆ. ಸದಸ್ಯ ಧನ್ಯವಾದ ಹೇಳಿ, ಸದನದ ಅನುಮತಿ ಪಡೆದು, ಕಡಿತವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ನಮ್ಮ ಲೋಕಸಭೆಯಲ್ಲೂ ಈ ಶಾಸ್ತ್ರವಿದೆ. ಅಲ್ಲಿ ಮೊತ್ತ 100 ರೂಪಾಯಿ. ಎರಡೂ ದೇಶಗಳಲ್ಲಿ ಹಣದುಬ್ಬರಕ್ಕೆ ಜಗ್ಗದೆ ಉಳಿದ ಮೊತ್ತ ಇದೊಂದೇ ಇರಬೇಕು.

ವರ್ಗ ನಾಲ್ಕು, ಪೂರಕ ಪ್ರಶ್ನೆಯ ವೇಷ ತೊಟ್ಟ ಭಾಷಣ. ವರ್ಗ ಐದು, ಭಾಷಣದ ವೇಷ ತೊಟ್ಟ ಮೌನ. ವರ್ಗ ಆರರಿಂದ ಹದಿನಾರು: ಓದುಗರು ಇಷ್ಟು ಹೊತ್ತಿಗೆ ಊಹಿಸಿರುತ್ತಾರೆ. ನನಗೂ ಸಾಕಾಗಿದೆ.

5. ಮಾರ್ಜಾಲ ಕಾಂಡ

ಬೆಕ್ಕನ್ನು ಮನೆಯೊಳಗೆ ಕಟ್ಟಿಹಾಕಲಾಗದು, ಕೂದಲು ಉದುರಿಸುತ್ತದೆ, ಸಾರ್ವಜನಿಕ ಜಾಗದಲ್ಲಿ ಗಲೀಜು ಮಾಡುತ್ತದೆ, ರಾತ್ರಿ ವಿಕಾರವಾಗಿ ಕೂಗುತ್ತದೆ: ಇವು ಮಂಡಳಿ ಕೊಡುತ್ತಿದ್ದ ಕಾರಣಗಳು. ಈ ನಾಲ್ಕೂ ಲಕ್ಷಣಗಳು ಚುನಾವಣಾ ಪ್ರಚಾರಕರಲ್ಲೂ ಕಂಡುಬರುತ್ತವೆ ಎಂದು ಟಿಪ್ಪಣಿ ಬರೆಯುವ ಆಸೆಯಾಗುತ್ತದೆ. ಆದರೆ ಸಿಂಗಪುರದಲ್ಲಿ ಕೂದಲು ಉದುರಿಸುವ ಪ್ರಚಾರಕರಿಲ್ಲ. ಅನುಮತಿಸಿದ ಸಣ್ಣ ತಳಿಯ ಒಂದು ನಾಯಿಯನ್ನು ಸಾಕಬಹುದಿತ್ತು. ಬೆಕ್ಕು ಸಿಕ್ಕರೆ 4,000 ಡಾಲರ್‌ವರೆಗೆ ದಂಡ.

ದೇಶದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇರುವುದು ಎಚ್‌ಡಿಬಿ ಮನೆಗಳಲ್ಲಿ. ಕಾಸಿದ್ದವನು ಖಾಸಗಿ ಫ್ಲ್ಯಾಟಿನಲ್ಲಿ ರಾಜಾರೋಷವಾಗಿ ಬೆಕ್ಕು ಸಾಕಿಕೊಂಡ. ಘಿಮ್ ಮೋದಂಥ ಬಡಾವಣೆಗಳ ಒಂಟಿ ಮುದುಕಿ ಅದೇ ಬೆಕ್ಕನ್ನು ಪರದೆಯ ಹಿಂದೆ ಬಚ್ಚಿಟ್ಟು, ಪಕ್ಕದ ಮನೆಯವರು ದೂರು ಕೊಟ್ಟಾರೆಂದು ಹೆದರುತ್ತ ಸಾಕಬೇಕಾಯಿತು. 2012ರಲ್ಲಿ ಚೋಂಗ್ ಪಾಂಗ್‌ನಲ್ಲಿ ಪ್ರಾಯೋಗಿಕವಾಗಿ ಅನುಮತಿ ಕೊಟ್ಟು ನೋಡಿದರು. ಆಕಾಶ ಕಳಚಿ ಬೀಳಲಿಲ್ಲ. ಆಮೇಲೂ ಹತ್ತು ವರ್ಷ ಪರಿಶೀಲನೆ ನಡೆಯಿತು! ಏನನ್ನು ಪರಿಶೀಲಿಸುತ್ತಿದ್ದಿರಿ ಸ್ವಾಮಿ? ಬೆಕ್ಕಿಗೆ ಬಾಲ ಇದೆಯೋ ಇಲ್ಲವೋ ಎಂದೆ?

ಕೊನೆಗೆ 2024ರ ಸೆಪ್ಟೆಂಬರ್ 1ರಿಂದ ಮನೆಗೆ ಎರಡು ಬೆಕ್ಕು ಕಾನೂನುಬದ್ಧ. ಪರವಾನಗಿ ಬೇಕು, ಚರ್ಮದಡಿ ಮೈಕ್ರೋಚಿಪ್ ಬೇಕು, ಮಾಲೀಕ ಆನ್‌ಲೈನ್ ಪಾಠ ಓದಬೇಕು. ನಿಷೇಧದ ವಯಸ್ಸು ಆಗ ಮೂವತ್ತೈದು. ಬೆಕ್ಕಿನ ಎರಡೋ ಮೂರೋ ಆಯುಷ್ಯ.

ಈ ಕಾಂಡದಲ್ಲಿ ಹಿಂದಿನ ಸಾಲಿನವರ ಪಾತ್ರವೇನು? ಇಲ್ಲಿ ಪ್ರಬಂಧಕಾರನ ಗೇಲಿ ಸ್ವಲ್ಪ ತಡವರಿಸುತ್ತದೆ. ಪ್ರಾಣಿಹಿಂಸೆಗೆ ದಂಡವನ್ನು 15,000 ಡಾಲರಿಗೂ ಸೆರೆವಾಸವನ್ನು ಹದಿನೆಂಟು ತಿಂಗಳಿಗೂ ಏರಿಸಿದ 2014ರ ತಿದ್ದುಪಡಿಯನ್ನು ಖಾಸಗಿ ಮಸೂದೆಯಾಗಿ ತಂದವರು ಸಚಿವರಲ್ಲ, ಯೋ ಗುವಾಟ್ ಕ್ವಾಂಗ್ ಎಂಬ ಸದಸ್ಯರು. ಅಲ್ಲಿ ಖಾಸಗಿ ಮಸೂದೆ ಕಾನೂನಾಗುವುದು ಎಷ್ಟು ಅಪರೂಪವೆಂದರೆ, ಸ್ವಾತಂತ್ರ್ಯಾನಂತರ ಅಂಥ ಮೊದಲನೆಯದು ಬಂದದ್ದೇ 1995ರಲ್ಲಿ, ಹೆತ್ತವರ ಪೋಷಣೆಯ ಕಾಯಿದೆಯಾಗಿ. 2001ರಲ್ಲಿ ಏಕರ್ಸ್ ಎಂಬ ಪ್ರಾಣಿರಕ್ಷಣಾ ಸಂಸ್ಥೆ ಕಟ್ಟಿದ ಲೂಯಿಸ್ ಎನ್‌ಜಿ 2015ರಲ್ಲಿ ನೀ ಸೂನ್‌ನಿಂದ ಸದನಕ್ಕೆ ಬಂದರು. ಬೆಕ್ಕಿನ ಮಾತನ್ನು ಮತ್ತೆ ಮತ್ತೆ ಎತ್ತಿದರು. ಮಾರ್ಜಾಲ ನ್ಯಾಯದಿಂದ ಒಳಬಂದ ಮರಿಯೊಂದು ಮರ್ಕಟದ ಹಟ ಹಿಡಿದದ್ದು ಮೇಲಿನ ಸೈದ್ಧಾಂತಿಕ ಚೌಕಟ್ಟನ್ನು ಮುರಿಯುತ್ತದೆ. ಚೌಕಟ್ಟು ಹಾಳಾಗಲಿ. 2025ರ ಚುನಾವಣೆಗೆ ಅವರು ನಿಲ್ಲಲಿಲ್ಲ.

6. ವಿದ್ಯುತ್ ಕಾಂಡ

ಈಗ ಮನೋಭಾವಕ್ಕೆ ಬರೋಣ. ಸಿಂಗಪುರದ ವಿದ್ಯುತ್ತಿನಲ್ಲಿ ಶೇ. 95ರಷ್ಟು ಆಮದಾದ ನೈಸರ್ಗಿಕ ಅನಿಲದಿಂದ ಬರುತ್ತದೆ. ತೆಂಗೆ ಜಲಾಶಯದ ಮೇಲೆ 2021ರಿಂದ 60 ಮೆಗಾವ್ಯಾಟ್‌ನ ಸೌರಫಲಕಗಳು ತೇಲುತ್ತಿವೆ; ಇಡೀ ದೇಶಕ್ಕೆ ಸಾಲುವಷ್ಟು ಹಾಸಲು ನೆಲವಿಲ್ಲ, ನೀರೂ ಇಲ್ಲ. ಆಗ ಲಭ್ಯವಿದ್ದ ಅಣುಶಕ್ತಿ ತಂತ್ರಜ್ಞಾನ ಸಿಂಗಪುರಕ್ಕೆ ಹೊಂದದೆಂದು 2012ರ ಅಧ್ಯಯನ ಹೇಳಿತು. 2050ರ ಹೊತ್ತಿಗೆ ಶೇ. 10ರಷ್ಟನ್ನು ಅದು ಕೊಟ್ಟೀತೆಂದು 2022ರ ಇಂಧನ ಸಮಿತಿಯ ವರದಿ ಹೇಳಿತು. 2024ರಲ್ಲಿ ಅಮೆರಿಕದೊಂದಿಗೆ ನಾಗರಿಕ ಅಣು ಒಪ್ಪಂದಕ್ಕೆ ಸಹಿ ಬಿತ್ತು. ಸ್ಥಾವರ ಕಟ್ಟುವ ತೀರ್ಮಾನವಿಲ್ಲ. ಅದರ ಬಗ್ಗೆ ನಾಗರಿಕನಿಗೆ ಮನೋಭಾವ ಮಾತ್ರ ಈಗಲೇ ಇರಬೇಕು. ‘ಸಾರ್ವಜನಿಕರ ಮನೋಭಾವವನ್ನು ಅಳೆಯಲಾಗಿದೆಯೇ?’ ಎಂಬುದು ಹಿಂದಿನ ಸಾಲಿನ ಸದಾ ಹಸಿರು ಪ್ರಶ್ನೆ. ‘ಅಳೆಯಲಾಗುವುದು’ ಎಂಬುದು ಮುಂದಿನ ಸಾಲಿನ ಸದಾ ಹಸಿರು ಉತ್ತರ. ಇಂಧನ ಸಂರಕ್ಷಣೆಯ ಅತ್ಯುತ್ತಮ ಉದಾಹರಣೆ ಇದೇ: ಯಾರ ಶಕ್ತಿಯೂ ಖರ್ಚಾಗುವುದಿಲ್ಲ.

ಪ್ರಸ್ತುತ ಅಧ್ಯಯನವೂ ಒಂದು ಪ್ರಶ್ನಾವಳಿ ರಚಿಸಿದೆ. ‘ಎಸಿಯನ್ನು 25 ಡಿಗ್ರಿಗೆ ಇಡುವಾಗ ನಿಮ್ಮಲ್ಲಿ ಉಂಟಾಗುವ ಭಾವ: (ಅ) ದೇಶಪ್ರೇಮ (ಆ) ಬೆವರು (ಇ) ಎರಡೂ.’ ಹಾಸನದಿಂದ ಮಗನ ಮನೆಗೆ ಬಂದ ತಾಯಿಯೊಬ್ಬರಿಗೆ ಇದನ್ನು ಕೊಟ್ಟೆವು. ಫ್ಯೂಷನೊಪೊಲಿಸ್ಸಿನ ಕೆಳಮಹಡಿಯಲ್ಲಿ ಸೆರಗು ಬಿಗಿದುಕೊಂಡು ನಿಂತಿದ್ದ ಅವರು ಓದದೆಯೇ ಉತ್ತರಿಸಿದರು: ‘ಇಷ್ಟು ಚಳಿ ಬೇಕಿದ್ರೆ ಮಡಿಕೇರೀಲೇ ಆಫೀಸ್ ಕಟ್ಕೋಬಹುದಿತ್ತಲ್ಲಪ್ಪ.’ ಅವರ ಉತ್ತರ ಯಾವ ವರ್ಗಕ್ಕೂ ಹೊಂದದ್ದರಿಂದ ಮಾದರಿಯಿಂದ ಕೈಬಿಡಲಾಯಿತು.

ಸಿಟ್ಟು ಬರುವುದು ಇಲ್ಲಿ. ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಮನೆಗಳ ಪಾಲು ಶೇ. 15ರ ಆಸುಪಾಸು. 2020ರಲ್ಲಿ ಡೇಟಾ ಸೆಂಟರ್‌ಗಳೇ ಶೇ. 7 ತಿನ್ನುತ್ತಿದ್ದವು. ಉಳಿದದ್ದರಲ್ಲಿ ಬಹುಪಾಲು ಕಾರ್ಖಾನೆ, ಕಚೇರಿ, ಮಾಲ್. ಆದರೆ ಮನೋಭಾವ ಅಳೆಸಿಕೊಳ್ಳಲು ಕೂರಬೇಕಾದವಳು ಫ್ಯಾನಿನ ಕೆಳಗೆ ಬೆಕ್ಕಿನೊಂದಿಗೆ ಮಲಗುವ ಘಿಮ್ ಮೋದ ಅಜ್ಜಿ. ಹತ್ತು ಮಹಡಿಯ ಎಸಿಯನ್ನು ಇಡೀ ರಾತ್ರಿ ಓಡಿಸುವ ಕಟ್ಟಡಕ್ಕೆ ‘ಮನೋಭಾವ’ ಇರುವುದಿಲ್ಲ, ‘ಕಾರ್ಯಾಚರಣೆಯ ಅಗತ್ಯ’ ಇರುತ್ತದೆ. ನಿಜಕ್ಕೂ ಕೆಲಸ ಮಾಡುವುದು ಇಂಗಾಲದ ತೆರಿಗೆ. 2019ರಲ್ಲಿ ಟನ್ನಿಗೆ 5 ಡಾಲರ್ ಇದ್ದದ್ದು 2024ರಲ್ಲಿ 25 ಆಯಿತು, 2026ರಿಂದ 45. ಆ ಸಂಖ್ಯೆಯ ಬಗ್ಗೆ ದೊಡ್ಡ ಕಂಪನಿಗಳ ಮನೋಭಾವವನ್ನು ಯಾರೂ ಬೀದಿಯಲ್ಲಿ ನಿಂತು ಐದು ಅಂಕಗಳ ಮಾಪಕದಲ್ಲಿ ಕೇಳುವುದಿಲ್ಲ. ಅವರು ತಾವೇ ಬಂದು ಹೇಳಿ ಹೋಗುತ್ತಾರೆ.

7. ತೌಲನಿಕ ಟಿಪ್ಪಣಿ ಮತ್ತು ಉಪಸಂಹಾರ

ಕನ್ನಡದ ಓದುಗ ಇದನ್ನೆಲ್ಲ ಓದಿ ನಗಬಹುದು. ನಮ್ಮಲ್ಲಿ 2025ರಲ್ಲಿ ಬೆಂಗಳೂರಿನ ಪಾಲಿಕೆ ಬೀದಿನಾಯಿಗಳಿಗೆ ಕೋಳಿ ಅನ್ನದ ಟೆಂಡರ್ ಕರೆದಾಗ ಊರೆಲ್ಲ ಮೀಮ್ ಮಾಡಿತು. ಕಚ್ಚುವ ನಾಯಿ, ಕಚ್ಚಿಸಿಕೊಳ್ಳುವ ಮಗು, ನಡೆಯದ ಸಂತಾನಹರಣ ಚಿಕಿತ್ಸೆ, ಈ ಮೂರನ್ನೂ ಹಿಡಿದು ವರ್ಷಗಟ್ಟಲೆ ಬಿಡದೆ ಪ್ರಶ್ನೆ ಕೇಳಿದ ಶಾಸಕರ ಹೆಸರು ಹೇಳಿ ಎಂದರೆ ತಡಕಾಡಬೇಕು. 2023ರಿಂದ ಗೃಹಜ್ಯೋತಿ 200 ಯೂನಿಟ್‌ವರೆಗೆ ಉಚಿತ ಕೊಟ್ಟಿತು. ಬಡವರಿಗೆ ಅದು ನಿಜವಾದ ಬೆಳಕು. ಅದರಾಚೆ ವಿದ್ಯುತ್ ಎಲ್ಲಿಂದ ಬರುತ್ತದೆ, ಯಾರು ಎಷ್ಟು ಸುಡುತ್ತಾರೆ ಎಂಬ ಚರ್ಚೆ ಸದನದ ಹಿಂದಿನ ಸಾಲಿನಲ್ಲಿ ಮೂಡುವ ಮೊದಲೇ ಧರಣಿ ಶುರುವಾಗಿ ಕಲಾಪ ಮುಂದೂಡಲ್ಪಡುತ್ತದೆ.

ಗೇಲಿ ಮಾಡಲೆಂದು ಹೊರಟ ಈ ಪ್ರಬಂಧ ಹೀಗೆ ದಾರಿ ತಪ್ಪಿದೆ. ಬೆಕ್ಕಿನ ಬಗ್ಗೆ ಪದೇ ಪದೇ ಕೇಳುವವನನ್ನು ನೋಡಿ ನಾವು ನಗುತ್ತೇವೆ, ಏಕೆಂದರೆ ಅವನ ಕೈಯಲ್ಲಿ ಅಧಿಕಾರವಿಲ್ಲ, ವಿಷಯವೂ ಸಣ್ಣದು. ಆದರೆ ಆ ಮುದುಕಿಯ ಪರದೆಯ ಹಿಂದಿನ ಬೆಕ್ಕು ಹೊರಬಂದದ್ದು ಅಂಥ ಸಣ್ಣ ಪ್ರಶ್ನೆಗಳು ಜಮೆಯಾದ್ದರಿಂದ. ಅದೇ ಹಟವನ್ನು ಗಾಜಿನ ಕಟ್ಟಡಗಳ ಮೇಲೆ ಹೂಡುವ ಸದಸ್ಯ ಬೇಕಾಗಿದ್ದಾನೆ. ಅಜ್ಜಿಯ ಮನೋಭಾವ ಬಿಟ್ಟು ಕಟ್ಟಡದ ಮೀಟರ್ ಓದಿ ಎನ್ನುವವನು.

ಮುಂದಿನ ಸಂಶೋಧನೆಗೆ ಸೂಚನೆಗಳು ಎಂಬ ಶೀರ್ಷಿಕೆ ಇಲ್ಲಿ ಕಡ್ಡಾಯ. ಒಂದೇ ಸೂಚನೆ ಇದೆ. ಸೆಕೆಯ ದೇಶದಲ್ಲಿ ಸ್ವೆಟರ್ ಹಾಕಿಸುವ ಪ್ರತಿಯೊಂದು ಕಚೇರಿಯ ಅನುದಾನದಲ್ಲಿ 100 ಡಾಲರ್ ಕಡಿಮೆ ಮಾಡಬೇಕೆಂದು ಪ್ರಬಂಧಕಾರ ಈ ಮೂಲಕ ಸೂಚಿಸುತ್ತಾನೆ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.