ಗೊರಗುಂಟೆಪಾಳ್ಯದಲ್ಲಿ ಮಳೆ

ಥಾರ್ ಗಾಡಿಗೆ ಕಂಪನಿಯವರೇ ಹಾಕಿಕೊಡುವ 255/65 ಆರ್18 ಟೈರಿಗೆ ಏನೂ ಐಬಿಲ್ಲ. ಎತ್ತರ ಸುಮಾರು 31 ಇಂಚು. ಅದೇ ಟೈರಿನಲ್ಲಿ ಜನ ಲಡಾಖಿಗೆ ಹೋಗಿ, ಫೋಟೊ ತೆಗೆಸಿಕೊಂಡು, ಕ್ಷೇಮವಾಗಿ ಮನೆ ಸೇರಿದ್ದಾರೆ. ಈ ಪ್ರಬಂಧದ ಲೇಖಕನಿಗೆ ಮಾತ್ರ ಅದು ಸಾಲಲಿಲ್ಲ. ರಿಮ್ಮು ಸಮೇತ ಬದಲಾಯಿಸಿ 285/70 ಆರ್17, ಅಂದರೆ ಹೆಚ್ಚುಕಡಿಮೆ 33 ಇಂಚಿನ ಮಡ್ ಟೈರುಗಳನ್ನು ಹಾಕಿಸಿಕೊಂಡ. ಅವನ ವಾಸ ಬನಶಂಕರಿಯಲ್ಲಿ. ಅಲ್ಲಿ ಅವನಿಗೆ ಎದುರಾಗುವ ದುರ್ಗಮ ಪ್ರದೇಶವೆಂದರೆ, ಯಾರೋ ಅಗೆದು ಇನ್ಯಾರೋ ಮುಚ್ಚಲು ಮರೆತಿರುವ ಒಂದು ಅಡ್ಡರಸ್ತೆ.

ಕಾನೂನಿನ ಮಾತು ಎತ್ತಬೇಡಿ. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡು ಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹಾಗೆಂದೇ ಹೇಳಿದೆ. ಲೇಖಕ ಇದನ್ನೆಲ್ಲ ಓದಿಕೊಂಡಿದ್ದ, ಟೈರಿನ ದುಡ್ಡು ಕೊಟ್ಟಾದ ಮೇಲೆ.

ಹೆದ್ದಾರಿಗೆ ಬಿದ್ದ ಮೊದಲ ದಿನವೇ, ಮುಳ್ಳು 80 ಮುಟ್ಟುತ್ತಿದ್ದಂತೆ ಸ್ಟೀರಿಂಗು ಗಡಗಡ ನಡುಗತೊಡಗಿತು. (ಮುಳ್ಳು 80 ಅಂದರೂ ನಿಜವಾದ ವೇಗ 84. ಟೈರು ದೊಡ್ಡದಾದರೆ ಮೀಟರು ಸುಳ್ಳು ಹೇಳಲು ಶುರುಮಾಡುತ್ತದೆ.) ಲೆಕ್ಕ ಹಾಕಿದರೆ ನಡುಕದಲ್ಲಿ ಆಶ್ಚರ್ಯವೇನಿಲ್ಲ. ಇಷ್ಟು ದೊಡ್ಡ ಚಕ್ರ 80ರ ವೇಗದಲ್ಲಿ ಸೆಕೆಂಡಿಗೆ ಎಂಟೂವರೆ ಸುತ್ತು ಹೊಡೆಯುತ್ತದೆ. ಟೈರಿನ ಹೊರಮೈಯ ಒಂದು ಕಡೆ ಬರೀ 100 ಗ್ರಾಂ ಹೆಚ್ಚಿದ್ದರೂ ಸಾಕು, ಅದು ಸುಮಾರು 12 ಕೆ.ಜಿ. ಬಲದಿಂದ ಚಕ್ರವನ್ನು ತನ್ನ ಕಡೆಗೆ ಜಗ್ಗುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ ಎಂಟೂವರೆ ಸಲ.

ಬ್ಯಾಲೆನ್ಸಿಂಗ್ ಅಂಗಡಿಯ ಹುಡುಗ ಚಕ್ರವನ್ನು ಏದುಸಿರು ಬಿಡುತ್ತ ಎತ್ತಿ ಮಿಷನ್ನಿಗೆ ಸಿಕ್ಕಿಸಿದ. ಪರದೆಯ ಮೇಲೆ ಬಂದ ಸಂಖ್ಯೆ ನೋಡಿ ಮಿಷನ್ನನ್ನೇ ಅನುಮಾನಿಸಿ ಮತ್ತೊಮ್ಮೆ ತಿರುಗಿಸಿದ. ತೂಕ ಅಂಟಿಸುವುದು ರಿಮ್ಮಿಗೆ. ರಿಮ್ಮು ನಡುವಿಗೆ ಹತ್ತಿರವಿರುವುದರಿಂದ ಹೊರಮೈಯ 100 ಗ್ರಾಮಿಗೆ ಇಲ್ಲಿ ಸುಮಾರು 190 ಗ್ರಾಂ ಬೇಕು. 5 ಗ್ರಾಂ, 10 ಗ್ರಾಂ ತುಂಡುಗಳ ಪಟ್ಟಿಗಳು ಒಂದರ ಪಕ್ಕ ಒಂದು ಸಾಲುಗಟ್ಟಿ, ರಿಮ್ಮಿನೊಳಗೆ ಒಂದು ಬೆಳ್ಳಿ ಡಾಬೇ ತಯಾರಾಯಿತು. ಸೊನ್ನೆ ಮಾತ್ರ ಬರಲಿಲ್ಲ. ಈ ಬದಿ ಸರಿಹೋದರೆ ಆ ಬದಿ ತಪ್ಪುತ್ತಿತ್ತು.

"ಟೈರ್ ಮೇಲಿರೋ ಹಳದಿ ಚುಕ್ಕೆ ವಾಲ್ವಿನ ಪಕ್ಕ ಬರೋ ಹಾಗೆ ಕೂರಿಸಿದ್ರೇನಪ್ಪ?" ಎಂದು ಲೇಖಕ ಕೇಳಿದ. ಆ ಚುಕ್ಕೆ ಇರುವುದು ಟೈರಿನ ಹಗುರ ಭಾಗ ತೋರಿಸಲಿಕ್ಕೆ. ವಾಲ್ವು ಇರುವ ಕಡೆ ರಿಮ್ಮು ಒಂಚೂರು ಭಾರ. ಎರಡನ್ನೂ ಜೋಡಿಸಿದರೆ ಅರ್ಧ ಕೆಲಸ ಬಿಟ್ಟಿಯಾಗಿ ಮುಗಿಯುತ್ತದೆ.

"ಅದು ಫ್ಯಾಕ್ಟರಿ ಬಣ್ಣ ಸಾರ್, ತೊಳೆದ್ರೆ ಹೋಗುತ್ತೆ" ಎಂದ ಹುಡುಗ. ಗೊತ್ತಿಲ್ಲ ಎನ್ನುವ ಪದ ನಮ್ಮ ಟೈರ್ ಅಂಗಡಿಗಳಲ್ಲಿ ಯಾಕೆ ಸ್ಟಾಕ್ ಇರುವುದಿಲ್ಲವೋ!

ಮನೆಗೆ ಬಂದ ಲೇಖಕ ಅಮೆರಿಕದ ಜೀಪುಪ್ರಿಯರ ಮಾರ್ಗ ಹಿಡಿದ. ಅವರು ದೊಡ್ಡ ಟೈರಿನೊಳಗೆ ಸಣ್ಣ ಮಣಿಗಳನ್ನು ಸುರಿದುಬಿಡುತ್ತಾರೆ. ಕಾಸಿದ್ದವರು ಅದಕ್ಕೆಂದೇ ಸಿಗುವ ಸೆರಾಮಿಕ್ ಮಣಿ ಹಾಕಿದರೆ, ಕೈಹಿಡಿತದವರು ಆಟಿಕೆ ಬಂದೂಕಿನ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾಕುತ್ತಾರೆ. ಚಕ್ರ ಜೋರಾಗಿ ತಿರುಗಿದಾಗ ಅವು ತಾವಾಗಿ ಹಗುರ ಭಾಗಕ್ಕೆ ಸರಿದು ಸಮತೂಕ ಮಾಡುತ್ತವೆ. ಇದು ಮಾಟಮಂತ್ರವಲ್ಲ. ವಾಷಿಂಗ್ ಮಷೀನಿನ ಡ್ರಮ್ಮಿನ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಬಳೆ ಇರುತ್ತದಲ್ಲ, ಅನೇಕ ಮಷೀನುಗಳಲ್ಲಿ ಅದರೊಳಗೆ ತುಂಬಿರುವ ಉಪ್ಪುನೀರು ಮಾಡುವುದೂ ಇದೇ ಕೆಲಸ. ಗುಂಡೊಂದಕ್ಕೆ 0.12 ಗ್ರಾಂ, ಟೈರಿಗೆ 240 ಗ್ರಾಂ ಎಂದು ಹಿಡಿದರೆ ಟೈರಿಗೆ 2,000 ಗುಂಡು, ನಾಲ್ಕಕ್ಕೆ 8,000. ಆಟಿಕೆ ಅಂಗಡಿಯವನು, "ಮಗೂಗೆ ಇಷ್ಟೊಂದು ಕೊಡಬೇಡಿ ಸಾರ್" ಎಂದು ಬುದ್ಧಿ ಹೇಳಿದ. ತೂಗಿದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಆ ಜಗಳ ಇಲ್ಲಿ ಬೇಡ.

ಗುಂಡು ತುಂಬಿದ ಗಾಡಿ ಮಾರನೆಯ ವಾರ ಸಕಲೇಶಪುರದ ಭಾವನ ತೋಟಕ್ಕೆ ಹೊರಟಿತು. ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ. ಗೊರಗುಂಟೆಪಾಳ್ಯ ಬಂತು.

ಇಲ್ಲೊಂದು ಭೌತಶಾಸ್ತ್ರವಿದೆ. 33 ಇಂಚಿನ ಚಕ್ರದಲ್ಲಿ ವೇಗ 7–8 ಕಿ.ಮೀ. ದಾಟಿದರೆ ಗುಂಡುಗಳು ಟೈರಿನ ಒಳಮೈಗೆ ಅಂಟಿಕೊಂಡೇ ಸುತ್ತಬಲ್ಲವು. ಅದಕ್ಕಿಂತ ಕಡಿಮೆಯಾದರೆ ಅಷ್ಟೂ ಗುಂಡು ಮೇಲಿನಿಂದ ಕೆಳಗೆ ಸುರಿಯುತ್ತವೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನ ವೇಗವನ್ನು ಯಾರಾದರೂ ಅಳೆದಿದ್ದಾರೋ ಇಲ್ಲವೋ, ಆವತ್ತು 8,000 ಗುಂಡುಗಳು ಅಳೆದುಕೊಟ್ಟವು. ಗಾಡಿ ಒಂದು ಮಾರು ಸರಿದರೆ ಸೊರ್ರ್ ಎಂದು ತುಂತುರು. ನಿಂತರೆ ನಿಶ್ಶಬ್ದ. ಮುಂದಿನ ಲಾರಿ ಸ್ವಲ್ಪ ದಾರಿ ಬಿಟ್ಟರೆ ಧೋ ಎಂದು ಜಡಿಮಳೆ.

"ರೀ, ಮಳೆ ಬಂತು" ಎಂದು ಹೆಂಡತಿ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಕೈ ಒದ್ದೆಯಾಗಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡಳು. ಸುಡುಬಿಸಿಲು. ಲೇಖಕ ಬಾಯಿ ಬಿಡಲಿಲ್ಲ. ಎಂಟು ಸಾವಿರ ಗುಂಡುಗಳ ವಿಷಯ ಹೇಳಲು ಸಿಗ್ನಲ್ಲು ಪ್ರಶಸ್ತ ಸ್ಥಳವಲ್ಲ.

ಹಿಂದಿನ ಸೀಟಿನಲ್ಲಿ ಅತ್ತೆ ಎದ್ದು ಕೂತರು. "ಅಯ್ಯೋ ಅಳಿಯಂದ್ರೇ, ಮಾಳಿಗೆ ಮೇಲೆ ಹಪ್ಪಳ ಹಾಕಿ ಬಂದಿದೀನಲ್ಲ!" ಅವರಿಗೆ ಕಣ್ಣಿಗಿಂತ ಕಿವಿಯ ಮೇಲೆ ಭರವಸೆ ಜಾಸ್ತಿ. ಲೇಖಕ ತಡೆಯುವಷ್ಟರಲ್ಲಿ ಪಕ್ಕದ ಮನೆಗೆ ಫೋನು ಹೋಗಿತ್ತು. ಆ ತುದಿಯಾಕೆ, ಇಲ್ಲಿ ಬಿಸಿಲು ಧಗಧಗ ಅಂತಿದೆ ಎಂದಿರಬೇಕು. "ನಿಮ್ಮ ಕಡೆಗೂ ಬರ್ತಿದೆ ಕಣ್ರೀ, ನನ್ನ ಕಿವೀಲೇ ಕೇಳ್ತಿದೆ, ಕೇಳಿಸ್ಕೊಳಿ!" ಎಂದು ಅತ್ತೆ ಫೋನನ್ನು ಕಿಟಕಿಯಾಚೆ ಹಿಡಿದರು. ಸರಿಯಾಗಿ ಅದೇ ಗಳಿಗೆಗೆ ಲಾರಿ ಕದಲಿತು. ಲೇಖಕನೂ ಕ್ಲಚ್ಚು ಬಿಟ್ಟ. ಅದ್ಭುತವಾದ ಮಳೆ ಸುರಿಯಿತು. ಬನಶಂಕರಿಯಲ್ಲಿ ಒಬ್ಬ ಹೆಂಗಸು ಮಾಳಿಗೆ ಹತ್ತಿ ಓಡಿದಳು.

ಪಕ್ಕದ ಆಟೋದವನು ಬಗ್ಗಿ ಚಕ್ರ ನೋಡಿದ. "ಏನ್ ಸಾರ್, ಟೈರಲ್ಲಿ ಜಲ್ಲಿ ಹೊಡಿಸ್ತಿದೀರಾ?" ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅಡುಗೆಮನೆ ತಕ್ಕಡಿ ನೆನಪಾಗಿರಬೇಕು.

ನೆಲಮಂಗಲ ದಾಟಿದ ಮೇಲೆ ಮಾತ್ರ ಲೇಖಕನ ದಿಗ್ವಿಜಯ. ವೇಗ ನಲವತ್ತು ಐವತ್ತಿರುವಾಗ ಗುಂಡುಗಳಿಗೆ ಇನ್ನೂ ಜಾಗ ಸಿಕ್ಕದೆ ಗಾಡಿ ಒಂದಿಷ್ಟು ಗೊಣಗಿತು. ಅರವತ್ತಾದ ಮೇಲೆ ತೆಪ್ಪಗಾಯಿತು. ಎಂಬತ್ತರಲ್ಲಿ ಸ್ಟೀರಿಂಗು ಎರಡು ಬೆರಳಿನಲ್ಲಿ ನಿಂತಿತು. ಇಂಥ ಸಾಧನೆಯನ್ನು ಯಾರಾದರೂ ಹೊಗಳಲೆಂದು ಪಕ್ಕಕ್ಕೆ ನೋಡಿದರೆ ಹೆಂಡತಿ ನಿದ್ದೆ ಹೋಗಿದ್ದಳು. ಟೋಲ್ ಗೇಟಿನಲ್ಲಿ ಮತ್ತೆ ಮಳೆ.

ತೋಟದ ದಾರಿಯ ಕೆಸರಿನಲ್ಲಿ ಟೈರುಗಳು ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಆದರೆ ಅಲ್ಲಿಂದ ಹತ್ತಿರದಲ್ಲೇ ಕಂಡದ್ದು ನಗಿಸುವಂಥದ್ದಲ್ಲ. ಹುಲ್ಲುಗುಡ್ಡದ ಮೈಮೇಲೆ ನೆತ್ತಿಯವರೆಗೂ ಇಂಥವೇ ಟೈರುಗಳು ಸೀಳಿದ ಕೆಂಪು ಗೆರೆಗಳು. ಘಟ್ಟದ ಹುಲ್ಲುಗಾವಲು ಮಳೆನೀರು ಹಿಡಿದಿಟ್ಟು ಹಳ್ಳಗಳಿಗೆ ಬಿಡುವ ಜಾಗ. ಗಾಲಿ ಹರಿದ ಕಡೆ ಹುಲ್ಲು ಹೋಗಿ, ಜೋಡಿ ಗೆರೆ ಮಳೆಗಾಲಕ್ಕೆ ಕಾಲುವೆಯಾಗಿ ಮಣ್ಣು ಹೊತ್ತು ಇಳಿಯುತ್ತದೆ. ರೀಲ್ಸ್ ಮಾಡಲು ಬಂದವರು ಅದೇ ಸಂಜೆ ಬೆಂಗಳೂರಿಗೆ ವಾಪಸು. ಅವರನ್ನು ಬೈಯುತ್ತ ನಿಂತವನ ಗಾಡಿಯ ಟೈರೂ ಅದೇ ನಮೂನೆಯದು ಎಂದು ಭಾವ ನೆನಪಿಸಿದರು.

ಭಾವನ ಹಳೇ ಜೀಪಿಗೆ ಯಾರೂ ಯಾವತ್ತೂ ಬ್ಯಾಲೆನ್ಸಿಂಗ್ ಮಾಡಿಸಿದವರಲ್ಲ. ಅದು ತೋಟದಲ್ಲಿ ಓಡುವುದು 15ರ ವೇಗದಲ್ಲಿ. ಆ ವೇಗಕ್ಕೆ ಹಿಂದೆ ಹೇಳಿದ 100 ಗ್ರಾಂ ಜಗ್ಗುವ ಬಲ ಅರ್ಧ ಕೆ.ಜಿ.ಯೂ ಇಲ್ಲ. ಕೆಸರಿಗೆಂದೇ ಮಾಡಿದ ಟೈರಿಗೆ ಕೆಸರಿನಲ್ಲಿ ಬ್ಯಾಲೆನ್ಸು ಬೇಡ. ಬೇಕಾಗುವುದು ಅದಕ್ಕೆ ಕೆಲಸವೇ ಇಲ್ಲದ ಟಾರು ರಸ್ತೆಯಲ್ಲಿ.

ಮರುದಿನ ಹೊರಟು ಹೆದ್ದಾರಿ ಸೇರಿದರೆ ಸ್ಟೀರಿಂಗು ಮೊದಲಿಗಿಂತ ಜೋರಾಗಿ ಕುಣಿಯಿತು. ಗುಂಡು ಕೈಕೊಟ್ಟವು ಎಂದು ಲೇಖಕ ತಿರುಗಿ ತೋಟಕ್ಕೇ ಬಂದ. ಭಾವನ ಜೀಪಿನ ಡ್ರೈವರು ಚಕ್ರದ ಒಳಬದಿಗೆ ಕೈ ತೂರಿಸಿ, "ಇದೇನ್ ಸಾ, ನಮ್ ತೋಟದ್ ಮಣ್ಣನ್ನೆಲ್ಲ ಬೆಂಗ್ಳೂರಿಗ್ ಸಾಗಿಸ್ತಿದೀರಾ?" ಎಂದರು. ರಿಮ್ಮಿನ ಒಂದೇ ಪಾರ್ಶ್ವಕ್ಕೆ ಕೆಸರು ಅಂಟಿ ರಾತ್ರಿಯಿಡೀ ಒಣಗಿ ಗಟ್ಟಿಯಾಗಿತ್ತು. ಕತ್ತಿಯ ತುದಿಯಿಂದ ಕೆರೆದಾಗ ಹೆಂಟೆ ಹೆಂಟೆಯಾಗಿ ಉದುರಿತು. ಅಂಥ ಭಾರಕ್ಕೆ 240 ಗ್ರಾಂ ಗುಂಡು ಯಾವ ಲೆಕ್ಕ?

ಆದ್ದರಿಂದ ದೊಡ್ಡ ಟೈರಿನ ಬಂಧುಗಳೇ, ಅಂಗಡಿಗೆ ದುಡ್ಡು ಕೊಡುವ ಮುಂಚೆ ರಿಮ್ಮಿನ ಒಳಗೊಮ್ಮೆ ಕೈ ಹಾಕಿ ನೋಡಿ. ಅತ್ತೆಯ ಆಣತಿಯಂತೆ ಟೈರಿನಿಂದ ಇಳಿಸಿದ ಗುಂಡುಗಳು ಬನಶಂಕರಿಯ ಮನೆಯಲ್ಲಿ ಒಂದು ಡಬ್ಬದಲ್ಲಿವೆ. ಬೇಕಾದವರು ಬಂದು ಒಯ್ಯಬಹುದು. ತಕ್ಕಡಿ ಮಾತ್ರ ನಿಮ್ಮದೇ ತನ್ನಿ.