ಕಣ್ಣಿರೋ ಕಾಲಿಂಗ್ ಬೆಲ್

ಪಾವಗಡದ ಹಳೇ ಮನೆ. ಬೆಂಗಳೂರಿನ ಮೊಮ್ಮಗ ಕ್ಯಾಮೆರಾ ಬೆಲ್ ತಂದು ಬಾಗಿಲ ಪಕ್ಕ ಜಡಿದಿದ್ದಾನೆ.

"ಯಾರು ಬಂದ್ರೂ ಫೋನಲ್ಲೇ ಕಾಣ್ತಾರೆ ಕಣಜ್ಜಿ."

"ಕಿಟಕೀಲೂ ಕಾಣ್ತಾರೆ ಕಣಪ್ಪ."

"ಇದಕ್ಕೆ 2.4 ಗಿಗಾಹರ್ಟ್ಸ್ ವೈಫೈನೇ ಬೇಕು, 5 ಆಗಲ್ಲ."

"ಐದೇ ಜಾಸ್ತಿ ಅಲ್ವೇನೋ?"

"ವೇಗ ಜಾಸ್ತಿ, ಗೋಡೆ ದಾಟೋ ತಾಕತ್ತು ಕಮ್ಮಿ. ನಮ್ದು ಕಲ್ಲುಗೋಡೆ ಬೇರೆ."

"ಕಳ್ಳ ನುಗ್ಗಬಾರ್ದು ಅಂತ ನಿಮ್ಮ ತಾತ ದಪ್ಪಕ್ಕೆ ಕಟ್ಸಿದ್ರು. ವೈಫೈನೂ ನುಗ್ಗಲಿಲ್ಲ ನೋಡು."

ಟಿಂಗ್! 'ಬಾಗಿಲಲ್ಲಿ ವ್ಯಕ್ತಿ ಇದ್ದಾರೆ.'

"ಯಾರೋ ಅದು?"

"ಮೇಕೆ."

"ಇದ್ದಾರೆ ಅಂತಾ? ಪರವಾಗಿಲ್ಲ, ಮರ್ಯಾದೆ ಕಲಿಸವ್ರೆ."

ಮೊಮ್ಮಗ ಸೆನ್ಸಿಟಿವಿಟಿ ತಗ್ಗಿಸಿದ. ಆಮೇಲೆ ಶಿರಾದಿಂದ ಬಂದ ಚಿಕ್ಕಪ್ಪ ಬಿಸಿಲಲ್ಲಿ ನಿಂತೇ ಇದ್ದರು. ಬೆಲ್ ಅವರನ್ನು ಲೆಕ್ಕಕ್ಕೇ ಇಡಲಿಲ್ಲ. (ಮನುಷ್ಯನ ಬೆಲೆಯನ್ನೂ ಆ್ಯಪಲ್ಲೇ ಏರಿಸಿ ಇಳಿಸಬಹುದು.)

ಅಷ್ಟರಲ್ಲಿ ಕರೆಂಟ್ ಹೋಯಿತು.

"ಬೆಲ್‌ಗೆ ಬ್ಯಾಟರಿ ಐತೆ, ರೂಟರ್ ಸತ್ತೋಯ್ತಜ್ಜಿ."

"ತಿರುಮಣಿ ತಾವ 13,000 ಎಕರೆ ತುಂಬಾ ಸೋಲಾರ್ ಹಲಗೆ ಹಾಸವ್ರಲ್ಲೋ?"

"2,050 ಮೆಗಾವಾಟ್! ಆದ್ರೆ ಅದು ಗ್ರಿಡ್‌ಗೆ ಹೋಗ್ತದೆ."

"ಊರಲ್ಲಿ ಹುಟ್ಟಿದ್ದೆಲ್ಲ ಹಂಗೇ, ಬೆಂಗ್ಳೂರಿಗೇ ಹೋಗೋದು."

"ಇನ್ವರ್ಟರ್ ಹಾಕ್ಸೋಣ ಬಿಡು."

"ಅದಕ್ಕೂ ಆ್ಯಪ್ ಐತೇನೋ?"

"ಐತೆ."

"ಹಂಗಾರೆ ಮೊದ್ಲು ಚಿಕ್ಕಪ್ಪನ್ನ ಒಳಕ್ಕೆ ಕರಿ."